ಸವೆತಕ್ಕೆ ಮೊದಲ ಪಾಲು

ಸಣ್ಣ ವ್ಯಾಪಾರ ಮಾಡುವವರನ್ನು ‘ತಿಂಗಳಿಗೆ ಎಷ್ಟು ಉಳಿಯುತ್ತೆ?’ ಎಂದು ಕೇಳಿ ನೋಡಿ. ಸರಕಿನ ದುಡ್ಡು, ಕರೆಂಟ್ ಬಿಲ್ಲು, ಬಾಡಿಗೆ, ಆಳಿನ ಕೂಲಿ ಎಲ್ಲ ಕಳೆದು ಒಂದು ಅಂಕಿ ಹೇಳುತ್ತಾರೆ. ಆ ಲೆಕ್ಕದಲ್ಲಿ ಎರಡು ಖರ್ಚು ಬಿಟ್ಟುಹೋಗಿರುತ್ತವೆ. ದಿನವೂ ಸವೆಯುತ್ತಿರುವ ಯಂತ್ರದ್ದು ಒಂದು, ಅದರ ಜೊತೆಗೇ ಸವೆಯುತ್ತಿರುವ ಮನುಷ್ಯನದು ಇನ್ನೊಂದು. ಈ ಎರಡಕ್ಕೂ ಎಲ್ಲಕ್ಕಿಂತ ಮೊದಲು ಪಾಲು ತೆಗೆದಿಡುತ್ತಿದ್ದವರು ನನ್ನ ಅಪ್ಪ. ತಿಪಟೂರಿನಲ್ಲಿ ಹಿಟ್ಟಿನ ಮಿಲ್ಲು ನಡೆಸಿ, ನಮ್ಮನ್ನು ಓದಿಸಿ, ಮೊಮ್ಮಕ್ಕಳನ್ನು ಆಡಿಸಿ ಹೋದರು. ಹಣಕಾಸಿನ ಬಗ್ಗೆ ಎಷ್ಟೋ ವರ್ಷದಿಂದ ಓದುತ್ತ ಬರೆಯುತ್ತ ಬಂದಿರುವ ನನಗೆ ಅವರ ಪದ್ಧತಿಗಿಂತ ಗಟ್ಟಿಯಾದದ್ದು ಇನ್ನೂ ಸಿಕ್ಕಿಲ್ಲ.

ತಿಪಟೂರು ಕೊಬ್ಬರಿಯ ಊರು. ತೆಂಗಿನಕಾಯಿಯನ್ನು ಅಟ್ಟಕ್ಕೆ ಏರಿಸಿ, ಒಳಗಿನ ನೀರು ಬತ್ತಿ ಕೊಬ್ಬರಿ ಚಿಪ್ಪಿನಿಂದ ಬಿಡುವವರೆಗೆ ಹತ್ತು–ಹನ್ನೊಂದು ತಿಂಗಳು ಕಾಯಬೇಕು. ಆಮೇಲೆ ಸುಲಿದು, ಒಡೆದು, ಉಂಡೆ ಕೊಬ್ಬರಿಯನ್ನು ಎಪಿಎಂಸಿ ಹರಾಜಿಗೆ ತರುವುದು. ಸುತ್ತಲ ಹಳ್ಳಿಗಳ ಕೈಯಲ್ಲಿ ದುಡ್ಡು ಓಡಾಡುವುದು ಆಗಲೇ. ಅಲ್ಲಿಯವರೆಗೆ ರಾಗಿ ಬೀಸಿದ ಕೂಲಿಯನ್ನೂ ಎಷ್ಟೋ ಮನೆಗಳು ಸಾಲವಾಗಿಯೇ ಬರೆಸುತ್ತಿದ್ದವು. ಹಬ್ಬದ ಹಿಂದಿನ ವಾರ ಮಿಲ್ಲಿನ ಮುಂದೆ ಡಬ್ಬ, ಚೀಲಗಳ ಸಾಲು. ಆಷಾಢದಲ್ಲಿ ಮಧ್ಯಾಹ್ನಕ್ಕೇ ಮೋಟಾರು ಸುಮ್ಮನಾಗುತ್ತಿತ್ತು. ಕರೆಂಟ್ ರಾತ್ರಿ ಬಂದರೆ ಅಪ್ಪ ರಾತ್ರಿಯೇ ಎದ್ದು ಬೀಸುತ್ತಿದ್ದರು. ಬೆಳಗ್ಗೆ ಮನೆಗೆ ಬಂದಾಗ ರೆಪ್ಪೆಯ ಕೂದಲಿಗೂ ಹಿಟ್ಟು ಮೆತ್ತಿರುತ್ತಿತ್ತು.

ಹೀಗೆ ಏರಿಳಿತದ ಆದಾಯ ಇದ್ದವರಿಗೆ ತಿಂಗಳ ಬಜೆಟ್ ಎಂಬ ಮಾತು ಹೊಂದುವುದಿಲ್ಲ. ಅಪ್ಪನ ಲೆಕ್ಕ ದಿನದ ಲೆಕ್ಕ. ಗಲ್ಲಾಪೆಟ್ಟಿಗೆಯ ಹಿಂದಿನ ಗೂಡಿನಲ್ಲಿ ಮೂರು ಹಾಲಿನ ಪುಡಿಯ ಡಬ್ಬಿಗಳಿದ್ದವು. ಮುಚ್ಚಳದ ಮೇಲೆ ಸುಣ್ಣದಲ್ಲಿ ಕ, ಮಿ, ನಾ ಎಂದು ಬರೆದಿದ್ದರು. ಕ ಎಂದರೆ ಕರೆಂಟ್ ಬಿಲ್ಲು, ಮಿ ಎಂದರೆ ಮಿಲ್ಲು, ನಾ ಎಂದರೆ ನಾನು. ರಾತ್ರಿ ಬಾಗಿಲು ಹಾಕುವ ಮುಂಚೆ ಮೂರಕ್ಕೂ ಅವುಗಳ ಪಾಲು ಬೀಳಬೇಕು. ವ್ಯಾಪಾರ ಕಡಿಮೆಯಾದ ದಿನ ಪಾಲೂ ಚಿಕ್ಕದಾಗುತ್ತಿತ್ತು, ಆದರೆ ಯಾವ ಡಬ್ಬಿಯೂ ಬರಿದೇ ಉಳಿಯುತ್ತಿರಲಿಲ್ಲ. ಉಳಿದದ್ದು ಮಾತ್ರ ಅಮ್ಮನ ಕೈಗೆ. ‘ಮೋಟ್ರು ಕೇಳೋದನ್ನ ಮೊದ್ಲು ಎತ್ತಿಡ್ಬೇಕು, ಉಳಿದಿದ್ರಲ್ಲಿ ನಾವು ಉಣ್ಣೋಣ’ ಎನ್ನುವುದು ಅವರ ಮಾತು.

ಮಿ ಡಬ್ಬಿ ಏಕೆ ಬೇಕು ಎಂಬುದು ಕಲ್ಲನ್ನು ನೋಡಿದವರಿಗೆ ಗೊತ್ತು. ಬೀಸುವ ಕಲ್ಲಿನ ಮೈಮೇಲೆ ಗೀರುಗಳಿರುತ್ತವೆ. ಬೀಸುತ್ತ ಬೀಸುತ್ತ ಅವು ನುಣುಪಾಗುತ್ತವೆ. ಆಗ ಹಿಟ್ಟು ಬಿಸಿಯಾಗಿ ಬೀಳುತ್ತದೆ, ತರಿತರಿಯಾಗುತ್ತದೆ, ಅದೇ ರಾಗಿ ಬೀಸಲು ಹೆಚ್ಚು ಕರೆಂಟ್ ಎಳೆಯುತ್ತದೆ. ಕಲ್ಲು ಬಿಚ್ಚಿ, ಉಳಿ–ಸುತ್ತಿಗೆ ಹಿಡಿದು ಗೀರುಗಳನ್ನು ಮತ್ತೆ ಕೊರೆಯಬೇಕು. ಪ್ರತಿ ಸಲ ಕೊರೆದಾಗಲೂ ಕಲ್ಲು ತುಸು ತೆಳುವಾಗುತ್ತದೆ. ಒಂದು ದಿನ ಹೊಸ ಜೋಡಿ ತರಲೇಬೇಕು. ಬೆಲ್ಟು, ಬೇರಿಂಗು, ಮೋಟಾರಿನ ವೈಂಡಿಂಗು ಎಲ್ಲದರದ್ದೂ ಇದೇ ಕಥೆ. ಇಂಥ ಖರ್ಚು ಆಕಸ್ಮಿಕವಲ್ಲ. ಯಾವ ದಿನ ಬರುತ್ತದೆ ಎಂಬುದು ತಿಳಿಯದಿದ್ದರೂ ಬರುವುದಂತೂ ಖಂಡಿತ.

ಒಮ್ಮೆ ಗೌರಿ ಹಬ್ಬದ ಹಿಂದಿನ ವಾರವೇ ಮೋಟಾರು ಸುಟ್ಟಿತು. ಅಪ್ಪ ಡಬ್ಬಿ ತೆಗೆದು ಎಣಿಸಿದರು, ಮೋಟಾರನ್ನು ವೈಂಡಿಂಗಿಗೆ ಕಳಿಸಿದರು, ಹಬ್ಬದ ಬೀಸುವಿಕೆಗೆ ಮಿಲ್ಲು ಮತ್ತೆ ತಿರುಗಿತು. ಅದೇ ಪರಿಸ್ಥಿತಿಯಲ್ಲಿ ಕೈಸಾಲಕ್ಕೆ ಓಡಿದವರ ಪಾಡು ನಮ್ಮ ಪೇಟೆಯಲ್ಲಿ ಕಣ್ಣೆದುರಿಗೇ ಇತ್ತು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಕೇಳಲು ಚಿಕ್ಕದು, ವರ್ಷಕ್ಕೆ ಅದು ಶೇ 36. ಆ ಬಡ್ಡಿ ಕಟ್ಟಿ ಉಳಿಸುವಷ್ಟು ಲಾಭ ಹಿಟ್ಟು ಬೀಸುವುದರಲ್ಲಿ ಇಲ್ಲ, ಕಿರಾಣಿ ಅಂಗಡಿಯಲ್ಲೂ ಇಲ್ಲ.

ದೊಡ್ಡ ಕಂಪನಿಗಳು ಈ ಕೆಲಸವನ್ನು ಸವಕಳಿ ಎಂಬ ಹೆಸರಿನಲ್ಲಿ ಮಾಡುತ್ತವೆ. ಸಾಮಾನ್ಯ ಯಂತ್ರಗಳಿಗೆ ಆದಾಯ ತೆರಿಗೆ ನಿಯಮವೇ ವರ್ಷಕ್ಕೆ ಶೇ 15ರಷ್ಟು ಸವಕಳಿ ಒಪ್ಪುತ್ತದೆ. ಆದರೆ ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗೆ ಅದನ್ನು ಬೇರೆಯಾಗಿ ತೋರಿಸುವ ಪ್ರಮೇಯವೇ ಬರುವುದಿಲ್ಲ. ಕಾಗದದಲ್ಲಿ ಬರೆಯದ್ದು ಮನಸ್ಸಿನಿಂದಲೂ ಮರೆಯಾಗುತ್ತದೆ. ಸವೆದ ಯಂತ್ರದ ದುಡ್ಡನ್ನೇ ಲಾಭವೆಂದು ತಿಳಿದು ಮನೆಗೆ ಖರ್ಚು ಮಾಡಿಬಿಡುತ್ತೇವೆ.

ಇನ್ನು ನಾ ಡಬ್ಬಿ. ಅಪ್ಪನ ಬದುಕಿನಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಅದೇ. ಅವರಿಗೆ ಪಿಎಫ್ ಇರಲಿಲ್ಲ, ಗ್ರಾಚ್ಯುಟಿ ಇರಲಿಲ್ಲ, ಪಿಂಚಣಿ ಕೊಡುವ ಸರ್ಕಾರಿ ಕೆಲಸ ಇರಲಿಲ್ಲ. ‘ಕಲ್ಲೇ ಸವೀತದೆ, ನಾನು ಸವೆಯಲ್ವಾ?’ ಎನ್ನುತ್ತಿದ್ದರು. ಆ ಡಬ್ಬಿ ತುಂಬಿದಾಗಲೆಲ್ಲ ಅಂಚೆ ಕಚೇರಿಗೆ ನಡೆಯುತ್ತಿದ್ದರು. 1988ರಲ್ಲಿ ಕಿಸಾನ್ ವಿಕಾಸ ಪತ್ರ ಬಂದಾಗ ಹಾಕಿದ ಹಣ ಐದೂವರೆ ವರ್ಷಕ್ಕೆ ಇಮ್ಮಡಿಯಾಗುತ್ತಿತ್ತು. ಒಂದು ಪತ್ರ ಪಕ್ವವಾದರೆ ಅಷ್ಟನ್ನೂ ಮತ್ತೆ ತೊಡಗಿಸುತ್ತಿದ್ದರು. ಅಕ್ಕನ ಮದುವೆಗೂ ಆ ಪತ್ರಗಳನ್ನು ಮುಟ್ಟಲಿಲ್ಲ. ಮದುವೆಯನ್ನು ಕೈಲಾದಷ್ಟರಲ್ಲಿ ಮನೆಯ ಮುಂದೆ ಚಪ್ಪರ ಹಾಕಿ ಮಾಡಿದರು. ನೆಂಟರಲ್ಲಿ ಕೆಲವರು ಆಡಿಕೊಂಡರು. ಅಪ್ಪ ಅದಕ್ಕೆ ಕಿವಿಗೊಡಲಿಲ್ಲ.

ಅರವತ್ತು ದಾಟಿ, ಚೀಲ ಎತ್ತುವಾಗ ಸೊಂಟ ಹಿಡಿಯತೊಡಗಿದಾಗ ಮಿಲ್ಲನ್ನು ನಡೆಸುವವರಿಗೆ ಬಿಟ್ಟುಕೊಟ್ಟರು. ಕೂಡಿಸಿದ್ದನ್ನು 2004ರಲ್ಲಿ ಶುರುವಾದ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಅಮ್ಮನ ಜೊತೆ ಜಂಟಿಯಾಗಿ ಇಟ್ಟರು. ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬರುತ್ತಿತ್ತು. ಔಷಧಿ, ಹಾಲು, ಮೊಮ್ಮಕ್ಕಳಿಗೆ ತಿಂಡಿ ಎಲ್ಲ ಅದರಲ್ಲೇ. ನಮ್ಮ ಮುಂದೆ ಅವರು ಕೈಯೊಡ್ಡಲಿಲ್ಲ. ಇದರಿಂದ ನಮ್ಮ ಸಂಬಂಧಕ್ಕೆ ಸಿಕ್ಕ ನೆಮ್ಮದಿಗೆ ಬೆಲೆ ಕಟ್ಟಲಾರೆ. ಊರಿಗೆ ಹೋದಾಗ ಅಪ್ಪ–ಮಕ್ಕಳ ನಡುವೆ ದುಡ್ಡಿನ ಮಾತೇ ಇಲ್ಲದೆ ಹರಟೆ ನಡೆಯುತ್ತಿತ್ತು.

ಮೊಮ್ಮಗಳಿಗೂ ಅವರು ಕಲಿಸಿದ್ದು ಇದನ್ನೇ. ನನ್ನ ಮಗಳಿಗೆ ಸೈಕಲ್ ಕೊಡಿಸಿದ ದಿನ ಒಂದು ಚಿಕ್ಕ ಡಬ್ಬಿಯನ್ನೂ ಕೊಟ್ಟರು. ‘ಕೈಗೆ ದುಡ್ಡು ಬಂದಾಗೆಲ್ಲ ಟೈರಿಗೆ ಅಂತ ಒಂದಿಷ್ಟು ಹಾಕು ಮರಿ, ಆಮೇಲೆ ಚಾಕಲೇಟು’ ಎಂದರು. ಟೈರು ಸವೆದಾಗ ಅವಳೇ ಅಂಗಡಿಗೆ ಹೋಗಿ ದುಡ್ಡು ಎಣಿಸಿಕೊಟ್ಟಳು. ಅವಳ ಸುಕನ್ಯಾ ಸಮೃದ್ಧಿ ಖಾತೆಗೂ ತಾತನೇ ದುಡ್ಡು ಕೊಡುತ್ತಿದ್ದರು. ಇಲ್ಲೊಂದು ಮಾತು: ಈ ಖಾತೆಯನ್ನು ತಂದೆ–ತಾಯಿ ಇಲ್ಲವೇ ಕಾನೂನುಬದ್ಧ ಪೋಷಕರೇ, ಮಗುವಿಗೆ ಹತ್ತು ವರ್ಷ ತುಂಬುವುದರೊಳಗೆ ತೆರೆಯಬೇಕು. ಅಜ್ಜ–ಅಜ್ಜಿ ತಮ್ಮ ಹೆಸರಿನಲ್ಲಿ ತೆರೆದಿದ್ದರೆ ಪೋಷಕರ ಹೆಸರಿಗೆ ಬದಲಿಸಿಕೊಳ್ಳಿ.

ಅಪ್ಪ ತೀರಿಕೊಂಡಾಗ ಅಮ್ಮ ಬೀರುವಿನಿಂದ ಒಂದು ಬ್ಯಾಂಕ್ ಪಾಸ್‌ಬುಕ್ ತಂದುಕೊಟ್ಟರು. ಅದಕ್ಕೆ ಅಂಟಿಸಿದ್ದ ಚೀಟಿಯಲ್ಲಿ ಅಪ್ಪನ ಅಕ್ಷರದಲ್ಲಿ ‘ನನ್ನ ತಿಥಿ ಖರ್ಚಿಗೆ’ ಎಂದಿತ್ತು. ಖಾತೆ ಇಬ್ಬರ ಹೆಸರಿನಲ್ಲಿದ್ದುದರಿಂದ ಅಮ್ಮ ಸಹಿ ಹಾಕಿದರೆ ಸಾಕಿತ್ತು. ಅಂಚೆಯ ಠೇವಣಿಯೂ ಅಮ್ಮನ ಹೆಸರಿನಲ್ಲಿ ಮುಂದುವರಿಯಿತು. ಯಾರು ಎಷ್ಟು ಹಾಕಬೇಕು ಎಂಬ ಮಾತು ಅಣ್ಣತಮ್ಮಂದಿರ ನಡುವೆ ಬರಲೇ ಇಲ್ಲ. ನಾವು ಅತ್ತು ಹಗುರಾಗಲು ಅವರು ಜಾಗ ಬಿಟ್ಟುಹೋಗಿದ್ದರು.

ಅಪ್ಪನ ಕಾಲದ ಬಡ್ಡಿ ಈಗಿಲ್ಲ. ಕಿಸಾನ್ ವಿಕಾಸ ಪತ್ರ ಇಮ್ಮಡಿಯಾಗಲು ಈಗಿನ ದರದಲ್ಲಿ 115 ತಿಂಗಳು ಬೇಕು. ಅವರು ಹಣ ಇಟ್ಟ ಜಾಗವನ್ನು ಅನುಕರಿಸಿ ಫಲವಿಲ್ಲ, ಅವರ ಕ್ರಮವನ್ನು ಅನುಸರಿಸಬೇಕು. ನಿಮ್ಮ ದುಡಿಮೆ ನಿಂತಿರುವ ಯಂತ್ರ ಯಾವುದು ನೋಡಿ: ಹೊಲಿಗೆ ಯಂತ್ರ, ಆಟೊ, ಗ್ರೈಂಡರ್, ಫ್ರಿಜ್. ಅದರ ಬೆಲೆ 60,000 ರೂಪಾಯಿ, ಬಾಳಿಕೆ ಹತ್ತು ವರ್ಷ ಎಂದರೆ ತಿಂಗಳಿಗೆ 500 ರೂಪಾಯಿ ನಿಮ್ಮದಲ್ಲ, ಯಂತ್ರದ್ದು. ಅದನ್ನು ಬೇರೆ ಉಳಿತಾಯ ಖಾತೆಯಲ್ಲೋ ಆರ್‌ಡಿಯಲ್ಲೋ ಇಡಿ.

ಆಮೇಲೆ ನಿಮ್ಮ ಪಾಲು. ವ್ಯಾಪಾರಿಗಳಿಗೆ ಪಿಪಿಎಫ್ ಒಳ್ಳೆಯ ಜಾಗ, ಏಕೆಂದರೆ ವ್ಯಾಪಾರ ಮುಳುಗಿ ಸಾಲ ಕೋರ್ಟಿಗೆ ಹೋದರೂ ಆ ಹಣವನ್ನು ಜಪ್ತಿ ಮಾಡುವಂತಿಲ್ಲ. ತಿಂಗಳಿಗೆ 3,000 ರೂಪಾಯಿಯಂತೆ 15 ವರ್ಷ ಕಟ್ಟಿದರೆ, ಶೇ 7.1ರ ಬಡ್ಡಿಯೇ ಮುಂದುವರಿದರೆ, ಒಂಬತ್ತು ಲಕ್ಷ ದಾಟುತ್ತದೆ. ವಯಸ್ಸು ಚಿಕ್ಕದಿದ್ದರೆ, 2009ರಿಂದ ಎಲ್ಲರಿಗೂ ತೆರೆದಿರುವ ಎನ್‌ಪಿಎಸ್‌ನಲ್ಲೂ ಒಂದು ಭಾಗ ಹಾಕಿ. ಬೆಲೆ ಏರಿಕೆಯನ್ನು ಎದುರಿಸಲು ಷೇರಿನ ಪಾಲು ಸ್ವಲ್ಪವಾದರೂ ಬೇಕು. ಖಾತೆಗಳನ್ನು ಸಾಧ್ಯವಾದಲ್ಲಿ ಗಂಡ–ಹೆಂಡತಿ ಜಂಟಿಯಾಗಿ ಇಡಿ; ಉಳಿದವುಗಳಿಗೆ ನಾಮಿನಿ ಹೆಸರು ಬರೆಸಿ.

ದುಡಿಯುವ ಕೈ ಒಂದು ದಿನ ಸೋಲುತ್ತದೆ. ಅದು ಸೋಲುವ ಮುಂಚೆ, ಗಟ್ಟಿಯಾಗಿರುವಾಗಲೇ, ದಿನದ ಗಳಿಕೆಯಲ್ಲಿ ಅದಕ್ಕೊಂದು ಪಾಲು ಕೊಡಿ. ಮಕ್ಕಳ ಓದಿಗೆ, ಮನೆಗೆ, ಮದುವೆಗೆ ಕೊಡುವುದೆಲ್ಲ ಆ ಪಾಲು ತೆಗೆದಿಟ್ಟ ಮೇಲೆ. ಅಪ್ಪ ನಮಗೆ ಏನನ್ನೂ ಕಡಿಮೆ ಮಾಡಲಿಲ್ಲ. ತಮಗೂ ಕಡಿಮೆ ಮಾಡಿಕೊಳ್ಳದ್ದರಿಂದಲೇ ಅದು ಸಾಧ್ಯವಾಯಿತು.