ಧಾರೆ ಸೀರೆಯ ಕೌದಿ

ಅಪ್ಪನ ಮೇಲುಕೋಟೆ ಪಂಚೆ, ಅವ್ವ ದಿನಾ ಉಡುತ್ತಿದ್ದ ನೂಲಿನ ಸೀರೆಗಳು, ಅವಳ ಧಾರೆಯ ಕೊಡಿಯಾಲ ರೇಷ್ಮೆ ಸೀರೆ. ಇಷ್ಟನ್ನೂ ಸೇರಿಸಿ ನಾಗಮಂಗಲದ ತಂಗಿಯ ಮಗುವಿಗೆ ಕೌದಿ ಹೊಲಿದು ಮುಗಿಸಿದ್ದೇನೆ. ಹೆತ್ತವರ ಬಟ್ಟೆಯನ್ನು ಬೀರುವಿನಲ್ಲಿಟ್ಟುಕೊಂಡು, ಕೊಡಲೂ ಆಗದೆ ಉಡಲೂ ಆಗದೆ ಕೂತವರು ನನ್ನ ಹಾಗೆ ಪಾಡು ಪಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಡ್ಡ ಬಂದವರು ಕೆ.ಆರ್. ಪೇಟೆಯ ದೊಡ್ಡವ್ವ. "ಸತ್ತೋರ ಪಂಚೆನ ಹಸುಗೂಸಿಗೆ ಹೊದಿಸ್ತೀಯಾ? ಪಶ್ಚಿಮವಾಹಿನೀಲಿ ಬುಟ್ಟು ಬಾ" ಎಂದು ನೆಂಟರೆದುರೇ ಬಯ್ದರು. ಇರುವಾಗ ನಮ್ಮನ್ನು ಹೊತ್ತು ಸಾಕಿದವರ ಬಟ್ಟೆ, ಹೋದ ಮೇಲೆ ಮೈಲಿಗೆ ಹೇಗಾಗುತ್ತದೆ? ಕಾವೇರಿಗೂ ಅದು ಬೇಕಿಲ್ಲ, ಹೊಳೆಯಲ್ಲಿ ಕೊಳೆಯುತ್ತದೆ ಅಷ್ಟೆ.

ಎರಡನೆಯವರು ಶ್ರೀರಂಗಪಟ್ಟಣದ ಒಬ್ಬ ಟೈಲರ್. "ರೇಷ್ಮೆ ಹಳೇದು, ಅದರ ಮೇಲೆ ಮಿಷನ್ ಓಡಿಸಬೇಡಿ, ಕೈಯಲ್ಲೇ ಹೊಲಿಸಿ" ಎಂದು ಬಾಯಿಬಿಟ್ಟು ಹೇಳಿ, ಹೆಚ್ಚಿಗೆ ಕೂಲಿಗೂ ಒಪ್ಪಿ ಬಂದಿದ್ದೆ. ಅವರು ಎಲ್ಲ ಚೂರುಗಳನ್ನೂ ಜೋಡಿಸಿ ಒಂದೇ ಹಾಸು ಮಾಡಿ, ಕೆಳಗೆ ಪದರ ಕೊಟ್ಟು, ಆ ತುದಿಯಿಂದ ಈ ತುದಿಗೆ ಮಿಷನ್ ಹೊಡೆದಿದ್ದರು.

ತೊಟ್ಟಿಲ ಶಾಸ್ತ್ರ ಹತ್ತಿರ ಬಂದಿತ್ತು. ಪಾಂಡವಪುರದ ಮನೆಯ ಪಡಸಾಲೆಯಲ್ಲಿ ಕೌದಿ ಬಿಡಿಸಿ ಹಾಸಿದೆ. ಪದರಗಳು ಜಾರಿ ನಡುವೆ ಉಬ್ಬಿಕೊಂಡಿದ್ದವು. ಕೈಯಿಂದ ಸವರಿ ಸಮ ಮಾಡಲು ಹೋದೆ. ಸರ್ರೆಂದಿತು. ಅವ್ವನ ಧಾರೆ ಸೀರೆ ಹೊಲಿಗೆಯ ಗುಂಟ ಸೀಳಿಹೋಯಿತು. ಸೂಜಿ ಒತ್ತೊತ್ತಾಗಿ ಚುಚ್ಚಿದ್ದು, ಅಂಚೆ ಚೀಟಿ ಹರಿದುಕೊಳ್ಳಲು ಮಾಡಿರುವ ತೂತಿನ ಸಾಲಿನಂತಿತ್ತು. ಪಕ್ಕದ ಚೂರು ಮುಟ್ಟಿದೆ, ಅದೂ ಬಂತು. ಅಂಗಡಿಯಲ್ಲಿ ಇನ್ನೊಂದು ಸಿಗುವ ಬಟ್ಟೆಯಲ್ಲ ಅದು. ಅವ್ವನನ್ನು ಕಳಕೊಂಡ ದಿನ ಅತ್ತದ್ದಕ್ಕಿಂತ ಆವತ್ತು ಹೆಚ್ಚು ಅತ್ತೆ. ಟೈಲರ್‌ಗೆ ಫೋನ್ ಮಾಡಿದರೆ, "ಬಟ್ಟೇನೇ ಪಿಸುಕಲು ಅಕ್ಕಾ, ನಾನೇನ್ ಮಾಡ್ಲಿ" ಎಂಬ ಉತ್ತರ. ಆ ಮಾತು ಇವತ್ತಿಗೂ ಉರಿಯುತ್ತದೆ.

ಕಣ್ಣೊರೆಸಿಕೊಂಡು ರಾತ್ರಿಯೆಲ್ಲ ಹೊಲಿಗೆ ಬಿಚ್ಚಿದೆ. ಎಳೆದು ಬಿಚ್ಚಿದರೆ ರೇಷ್ಮೆ ಉಳಿಯುವುದಿಲ್ಲ. ಒಂದು ಬದಿಯಲ್ಲಿ ನಾಲ್ಕೈದು ಹೊಲಿಗೆಗೊಮ್ಮೆ ಬ್ಲೇಡಿನ ತುದಿಯಿಂದ ದಾರ ತುಂಡರಿಸಿ, ಬಟ್ಟೆ ತಿರುಗಿಸಿ ಇನ್ನೊಂದು ಬದಿಯ ದಾರ ಎಳೆದರೆ ಅದು ಸಲೀಸಾಗಿ ಬರುತ್ತದೆ.

ಮತ್ತೆ ಹೊಲಿಯಲು ದಾರಿ ತೋರಿದ್ದು ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಯುವ ಕ್ರಮ. ಅವರು ಮೇಲಿನ ಹಾಸನ್ನು ಮೊದಲೇ ಜೋಡಿಸುವುದಿಲ್ಲ. ಅಡಿಯಲ್ಲಿ ಸೀರೆ ಹಾಸಿ, ಅಂಚಿನಿಂದ ಶುರು ಮಾಡಿ, ಒಂದೊಂದೇ ಚೂರಿಟ್ಟು ಅದರ ಅಂಚು ಒಳಮಡಿಸಿ ಹೊಲಿಯುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಚೂರು ಕೂಡಿಸುವ ಹೊಲಿಗೆಯೇ ಪದರಗಳನ್ನೂ ಹಿಡಿಯುತ್ತದೆ, ಬಟ್ಟೆ ಜಾರುವುದಿಲ್ಲ. ಮೂಲೆಗೆ ಮಡಿಚಿದ ತ್ರಿಕೋನದ ಚೂರು ಹೊಲಿಯುತ್ತಾರೆ. ನಾನು ಅಲ್ಲಿಗೆ ಅವ್ವನ ರವಿಕೆಯ ಬಟ್ಟೆ ಇಟ್ಟೆ. ತೊಟ್ಟಿಲ ಶಾಸ್ತ್ರಕ್ಕೆ ಕೌದಿ ಮುಗಿಯಲಿಲ್ಲ. ಮುಗಿದ ಮೇಲೆ ಮಾತ್ರ ಒಂದು ಹೊಲಿಗೆಯೂ ಜಗ್ಗಲಿಲ್ಲ.

ಹೊಲಿಯಲು ಕೂರುವವರಿಗೆ ನಾಲ್ಕು ಮಾತು. ನೂಲಿನ ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿ, ಕುಗ್ಗುವುದೆಲ್ಲ ಕುಗ್ಗಿಬಿಡಲಿ. ಗಾಢ ಬಣ್ಣದ ಸೀರೆಯ ಮೇಲೆ ಒದ್ದೆ ಬಿಳಿ ಬಟ್ಟೆ ಉಜ್ಜಿ, ಬಣ್ಣ ಬಿಟ್ಟರೆ ಪಂಚೆಯ ಪಕ್ಕ ಇಡಬೇಡಿ. ಹಳೇ ರೇಷ್ಮೆಗೆ ಹಿಂದಿನಿಂದ ತೆಳು ನೂಲಿನ ಬಟ್ಟೆ ಕೊಟ್ಟು ಕೈಯಲ್ಲೇ ಹೊಲಿಯಿರಿ. ಜರಿ ಅಂಚು ಮಗುವಿನ ಮೈಗೆ ಚುಚ್ಚುತ್ತದೆ, ಕತ್ತರಿಸಿ ತೆಗೆದಿಡಿ.

ಟೈಲರ್ ನಿಮ್ಮ ಮಾತು ಕೇಳದಿದ್ದರೆ ಬಟ್ಟೆ ವಾಪಸ್ ತನ್ನಿ. ನೆಂಟರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಬೀರುವಿನಲ್ಲೇ ಬಿಟ್ಟ ರೇಷ್ಮೆ ವರ್ಷ ಕಳೆದಂತೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಇನ್ನೂ ಗಟ್ಟಿ ಇರುವಾಗಲೇ ಹೊಲಿದುಬಿಡಿ.