ಗದ್ದೆಯ ಡ್ಯಾಮ್ಸೆಲ್ ಕೀಟ, ಕೆರೆಯ ಬಾತು: ವರ್ಗೀಕರಣ ಮತ್ತು ರಕ್ಷಣೆ

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಜಲಾಶಯವಾಗಿ ನಿಂತು, ಮುಂದೆ ರಾಮದುರ್ಗದತ್ತ ಸಾಗುತ್ತದೆ. ಈ ಹಿನ್ನೀರಿನಲ್ಲೂ ಬೈಲಹೊಂಗಲ, ಕಿತ್ತೂರು ಭಾಗದ ಕೆರೆ-ಗದ್ದೆಗಳಲ್ಲೂ ಕಾಣಸಿಗುವ ಎರಡು ಜೀವಿಗಳೆಂದರೆ ಚುಕ್ಕೆಕೊಕ್ಕಿನ ಬಾತು ಮತ್ತು ಡ್ಯಾಮ್ಸೆಲ್ ಕೀಟ. ಎರಡನೆಯದು ಮಕ್ಕಳು ಹಿಡಿದಾಡುವ ಏರೋಪ್ಲೇನ್ ಚಿಟ್ಟೆಯ ತೆಳ್ಳನೆಯ ಬಂಧು. ಏರೋಪ್ಲೇನ್ ಚಿಟ್ಟೆ ರೆಕ್ಕೆ ಚಾಚಿ ಕೂತರೆ ಇದು ಸಾಮಾನ್ಯವಾಗಿ ರೆಕ್ಕೆಗಳನ್ನು ಬೆನ್ನಿನ ಮೇಲೆ ಮಡಚಿ ಕೂರುತ್ತದೆ.

ಪ್ರಾಣಿಶಾಸ್ತ್ರದ ರೀತ್ಯಾ ಇವೆರಡೂ ಪ್ರಾಣಿ ಸಾಮ್ರಾಜ್ಯಕ್ಕೆ ಸೇರಿದವು. ಸಂಬಂಧ ಅಲ್ಲಿಗೇ ಮುಗಿಯಿತು. ಬೆನ್ನೆಲುಬುಳ್ಳ ಬಾತು ಕಾರ್ಡೇಟ ವಂಶದ, ಪಕ್ಷಿ ವರ್ಗದ, ಅನ್ಸೆರಿಫಾರ್ಮಿಸ್ ಗಣದ ಅನಾಟಿಡೆ ಕುಟುಂಬದ್ದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತೂ ಇದೇ ಕುಟುಂಬದ್ದು. ಕೀಟವಾದರೋ ಸಂಧಿಪದಿ ವಂಶದ, ಕೀಟ ವರ್ಗದ, ಒಡೊನೇಟ ಗಣಕ್ಕೆ ಸೇರಿದೆ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಚುಕ್ಕೆಕೊಕ್ಕಿನ ಬಾತು ಹಾಗೂ ನಮ್ಮ ಗದ್ದೆಗಳ ಸಾಮಾನ್ಯ ಡ್ಯಾಮ್ಸೆಲ್ ಕೀಟಗಳು ಸದ್ಯಕ್ಕೆ ಆತಂಕವಿಲ್ಲದವುಗಳ ಗುಂಪಿನಲ್ಲಿವೆ. ಇದು ಇಡೀ ಪ್ರಭೇದದ ಲೆಕ್ಕವೇ ಹೊರತು ನಿಮ್ಮೂರ ಕೆರೆಯ ಲೆಕ್ಕವಲ್ಲ. ಬಾತಿನ ಕುಟುಂಬದಲ್ಲೇ ಕೆಂದಲೆಯ ಪೋಚಾರ್ಡ್ ಬಾತು 2015ರಲ್ಲಿ ಅಪಾಯಕ್ಕೊಳಗಾಗಬಲ್ಲ ಪಟ್ಟಿಗೆ ಸೇರಿತು. 2021ರಲ್ಲಿ ಒಡೊನೇಟ ಗಣದ 6,016 ಪ್ರಭೇದಗಳನ್ನು ಪರಿಶೀಲಿಸಿದಾಗ ಶೇಕಡಾ 16ರಷ್ಟು ಅಳಿವಿನ ಭೀತಿಯಲ್ಲಿದ್ದುದು ಕಂಡುಬಂತು. ಜೌಗು ನೆಲಗಳ ನಾಶವೇ ಮುಖ್ಯ ಕಾರಣ.

ಕಾಡು ಬಾತಿನ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಆದರೆ ಸಣ್ಣ ಕೀಟದ ಗತಿ ಕಾಯಿದೆಗಿಂತ ಹೆಚ್ಚಾಗಿ ರೈತರ ಸಿಂಪರಣಾ ಯಂತ್ರವನ್ನೇ ಅವಲಂಬಿಸಿದೆ. ಬೆಳೆದ ಡ್ಯಾಮ್ಸೆಲ್ ಕೀಟ ಭತ್ತದ ಜಿಗಿಹುಳುಗಳನ್ನು ಹಿಡಿದು ತಿನ್ನುತ್ತದೆ. ನೀರಿನಲ್ಲಿ ಬೆಳೆಯುವ ಅದರ ಮರಿ ಸೊಳ್ಳೆ ಮರಿಗಳನ್ನು ತಿನ್ನುತ್ತದೆ. ಹುಳು ಕಂಡೊಡನೆ ವಿಷ ಹೊಡೆದರೆ ಮೊದಲು ಸಾಯುವುದು ಇಂಥ ಮಿತ್ರಕೀಟಗಳೇ, ಆಮೇಲೆ ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ಏಳುವುದುಂಟು. ಬಾತಿನ ಮರಿಗಳಿಗೂ ಎಳೆವಯಸ್ಸಿನಲ್ಲಿ ನೀರಿನ ಕೀಟಗಳೇ ಮುಖ್ಯ ಆಹಾರ. ಬಾತು ಮಾಗಿದ ಭತ್ತಕ್ಕೆ ಬಾಯಿ ಹಾಕುವುದು ನಿಜ. ಅದನ್ನು ಸದ್ದು ಮಾಡಿ ಓಡಿಸಬೇಕೇ ಹೊರತು ವಿಷದ ಕಾಳು ಚೆಲ್ಲಬಾರದು.

ಡ್ಯಾಮ್ಸೆಲ್ ಕೀಟ ನೀರಿನ ಸಸ್ಯದ ದಂಟಿನೊಳಗೆ ಮೊಟ್ಟೆಯಿಡುತ್ತದೆ, ಬಾತು ದಂಡೆಯ ದಟ್ಟ ಹುಲ್ಲಿನಲ್ಲಿ ನೆಲದ ಮೇಲೆ ಗೂಡು ಮಾಡುತ್ತದೆ. ಪ್ಲಾಸ್ಟಿಕ್ ಹಾಸಿದ ಬೋಳು ಕೃಷಿ ಹೊಂಡ ಎರಡಕ್ಕೂ ಉಪಯೋಗಕ್ಕೆ ಬಾರದು. ಆದುದರಿಂದ ಕೆರೆಯ ಹೂಳೆತ್ತುವಾಗ ಒಂದು ಬದಿಯ ಜೊಂಡು-ಹುಲ್ಲನ್ನು ಹಾಗೆಯೇ ಬಿಡಿ, ಬೇಸಿಗೆಯಲ್ಲಿ ಅದಕ್ಕೆ ಬೆಂಕಿ ಹಚ್ಚಬೇಡಿ. ಗದ್ದೆಯಲ್ಲಿ ಪ್ರತಿ ಗುಣಿಯ ಜಿಗಿಹುಳು ಎಣಿಸಿದ ಮೇಲೆಯೇ ಔಷಧಿಯ ಯೋಚನೆ ಮಾಡಿ.