ನಲವತ್ತೆರಡನೆಯ ತಲೆ

2016ರ ಮಾರ್ಚ್ 23, ಹೋಳಿ ಹುಣ್ಣಿಮೆ. ನಮ್ಮೂರ ಓಣಿಗಳಲ್ಲಿ ಹುಡುಗರು ಹಲಗಿ ಬಡಿಯುತ್ತಿದ್ದ ಹೊತ್ತಿಗೆ ನಾವು ನಲವತ್ತೆರಡು ಮಂದಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದೆವು. ಟಿ20 ವಿಶ್ವಕಪ್, ಭಾರತ–ಬಾಂಗ್ಲಾದೇಶ. ಕೊನೆಯ ಓವರಿನಲ್ಲಿ ಬಾಂಗ್ಲಾದೇಶಕ್ಕೆ 11 ರನ್ ಬೇಕಿತ್ತು. ಹಾರ್ದಿಕ್ ಪಾಂಡ್ಯ ಎಸೆದ ಎರಡನೇ, ಮೂರನೇ ಚೆಂಡನ್ನು ಮುಷ್ಫಿಕುರ್ ರಹೀಂ ಬೌಂಡರಿಗೆ ಅಟ್ಟಿ, ಗೆದ್ದೇ ಬಿಟ್ಟೆವೆಂಬಂತೆ ಕೈ ಎತ್ತಿದರು. ಉಳಿದ ಮೂರು ಚೆಂಡಿಗೆ ಎರಡೇ ರನ್. ನಮ್ಮ ಮುಂದಿನ ಸಾಲಿನವರು ಆಗಲೇ ಕಾಲಡಿ ಚಪ್ಪಲಿ ತಡಕುತ್ತಿದ್ದರು. ನಾಲ್ಕನೇ ಚೆಂಡಿಗೊಂದು ಕ್ಯಾಚು, ಐದನೆಯದಕ್ಕೊಂದು ಕ್ಯಾಚು. ಕೊನೆಯ ಚೆಂಡು ಬ್ಯಾಟಿಗೆ ತಾಗದೆ ಹಿಂದೆ ಹೋಯಿತು; ಬಲಗೈ ಗ್ಲೌಸು ಕಳಚಿ ನಿಂತಿದ್ದ ಧೋನಿ ಓಡಿಬಂದು ಬೇಲ್ಸು ಹಾರಿಸಿದರು. ಒಂದೇ ರನ್ನಿನ ಗೆಲುವು.

ಅದನ್ನು ನೋಡಲಾಗದವರು ನಮ್ಮ ಗುಂಪಿನಲ್ಲಿ ಒಬ್ಬರಿದ್ದರು. ಗಜೇಂದ್ರಗಡದ ಕಾಕಾ, ಅರವತ್ತು ದಾಟಿದ ನೇಕಾರರು, ಗಿಡ್ಡ ಆಳು. ಎಲ್ಲರೂ ಎದ್ದು ನಿಂತದ್ದರಿಂದ ಮುಂದಿನವರ ಬೆನ್ನು ಬಿಟ್ಟರೆ ಅವರಿಗೆ ಏನೂ ಕಾಣಲಿಲ್ಲ. ‘ನಾ ನಿನ್ನ ಮಾರಿ ನೋಡ್ಕೋತ ನಿಂತಿದ್ನಿ ತಮ್ಮಾ. ನಿನ್ನ ಮಾರಿ ಅರಳ್ತು, ಗೆದ್ವಿ ಅಂತ ತಿಳೀತು’ ಎಂದು ಆಮೇಲೆ ಹೇಳಿದರು. ಆಮೇಲೆ ಅಂದರೆ ರಾತ್ರಿ ಒಂದೂವರೆಗೆ. ಅಷ್ಟರಲ್ಲಿ ಅವರು ಕಳೆದುಹೋಗಿ, ಸಿಕ್ಕೂ ಆಗಿತ್ತು.

ನನ್ನದು ರೋಣದಲ್ಲಿ ಬೀಜ-ಗೊಬ್ಬರದ ಅಂಗಡಿ. ನರಗುಂದದ ರೈತರು, ಗಜೇಂದ್ರಗಡದ ಮಂದಿ ಎಲ್ಲರೂ ಆ ಅಂಗಡಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿದವರೇ. ಈ ಮೂರೂರಿಗೆ ರೈಲಿಲ್ಲ. ರೋಣದವರು ಹೊಳೆಆಲೂರಿಗೋ ಮಲ್ಲಾಪುರಕ್ಕೋ ಹೋಗಿ ರೈಲು ಹಿಡಿಯಬೇಕು. ರಾತ್ರಿ ಹನ್ನೊಂದರ ಮೇಲೆ ಮುಗಿಯುವ ಆಟ ನೋಡಬೇಕೆಂದರೆ ನಮ್ಮದೇ ಬಸ್ಸು ಬೇಕು. ಅದು ನರಗುಂದದಿಂದ ಹೊರಟು, ರೋಣದಲ್ಲಿ ನಮ್ಮನ್ನು ಹತ್ತಿಸಿಕೊಂಡು, ಗಜೇಂದ್ರಗಡದಲ್ಲಿ ಭರ್ತಿಯಾಗಿ, ಕುಷ್ಟಗಿಗೆ ಹೋಗಿ ಹೆದ್ದಾರಿ ಸೇರುತ್ತದೆ. ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗ, ಹಿರಿಯೂರು, ತುಮಕೂರು. 400 ಕಿಲೋಮೀಟರಿಗೂ ಮಿಕ್ಕ ದಾರಿ.

ಆಟ ನೋಡಲು ಗುಂಪು ಕಟ್ಟಿ ಹೋಗುವ ಚಟ ನಮ್ಮ ಮನೆಗೆ ಹೊಸದಲ್ಲ. ಅಪ್ಪ ಕುಸ್ತಿಯ ಹುಚ್ಚಿನವನು. ಜಾತ್ರೆಯ ಕುಸ್ತಿಗಳಿಗೆ ಟ್ರಕ್ಕಿನಲ್ಲಿ ನಿಂತುಕೊಂಡೇ ಹೋಗುತ್ತಿದ್ದ. ಒಮ್ಮೆ ಕೊಲ್ಲಾಪುರಕ್ಕೂ ಹೋಗಿ, ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ ನೋಡಿ ಬಂದಿದ್ದ. ಎಲ್ಲಿ ಕೂತರೂ ಅಖಾಡ ಕಾಣುವಂಥ ಮೈದಾನವದು ಎಂದು ಸಾಯುವವರೆಗೂ ಹೇಳಿದ. ಹಾಗೆ ಹೋಗುವಾಗ ಅವರ ಲೆಕ್ಕ ಸರಳ. ಟ್ರಕ್ಕು ನಿಂತ ಮರ ಯಾವುದು ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಆಟ ಮುಗಿದರೆ ಆ ಮರ. ಇಷ್ಟು ಸಣ್ಣ ಮಾತನ್ನು ನಾನು ಅಪ್ಪನಿಂದ ಕಲಿಯದೆ ಬೆಂಗಳೂರಿಗೆ ನಲವತ್ತೆರಡು ಜನರನ್ನು ಕರೆದೊಯ್ದಿದ್ದೆ.

ಆ ದಿನ ನಮ್ಮ ಟಿಕೆಟ್ಟುಗಳು ಮೂರು ಸ್ಟ್ಯಾಂಡುಗಳಲ್ಲಿ ಹಂಚಿಹೋಗಿದ್ದವು. ಒಬ್ಬೊಬ್ಬರ ಮೊಬೈಲಿನಿಂದ ಸಿಕ್ಕಷ್ಟು ಕೊಂಡದ್ದರ ಫಲ. ಚಿನ್ನಸ್ವಾಮಿಯ ಗೇಟುಗಳು ಒಂದೇ ರಸ್ತೆಗೆ ತೆರೆಯುವುದಿಲ್ಲ. ಒಂದು ಗೇಟಿನವರು ಎಂ.ಜಿ. ರಸ್ತೆ ಕಡೆಗೆ ಬಿದ್ದರೆ ಇನ್ನೊಂದು ಗೇಟಿನವರು ಕ್ವೀನ್ಸ್ ರಸ್ತೆಗೆ, ಮತ್ತೊಂದರವರು ಕಬ್ಬನ್ ರಸ್ತೆಗೆ. ‘ಫೋನ್ ಮಾಡ್ಕೊಂಡ್ರಾತು’ ಎಂದಿದ್ದೆ. ಹತ್ತಾರು ಸಾವಿರ ಜನ ಒಮ್ಮೆಗೇ ಫೋನು ತೆಗೆದರೆ ಯಾರ ಕರೆಯೂ ಯಾರಿಗೂ ಸೇರುವುದಿಲ್ಲ ಎಂಬುದು ಆಗ ತಿಳಿಯಿತು. ಬಸ್ಸು ನಿಂತದ್ದು ಅಲ್ಲಿಂದ ಎಷ್ಟೋ ದೂರ, ತುಮಕೂರು ರಸ್ತೆಯಲ್ಲಿ. ನಡುರಾತ್ರಿ ಕಳೆದರೂ ನನ್ನ ಎಣಿಕೆ ನಲವತ್ತೊಂದಕ್ಕೇ ನಿಲ್ಲುತ್ತಿತ್ತು. ಮೂರು ಸಲ ಎಣಿಸಿದೆ. ಗೆದ್ದ ಖುಷಿ ಎಲ್ಲಿ ಹೋಯಿತೋ. ಕಾಕಾನ ಮನೆಯವರಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ.

ಕಾಕಾ ಸಿಕ್ಕಿದ್ದು ಎಂ.ಜಿ. ರಸ್ತೆಯ ಗಾಂಧಿ ಪ್ರತಿಮೆಯ ಹತ್ತಿರ. ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ನಿಶ್ಚಿಂತೆಯಿಂದ ಕೂತಿದ್ದರು. ‘ಗಾಂಧಿ ಎಲ್ಲಾ ಊರಾಗೂ ಇರ್ತಾನಪಾ. ಗಾಂಧಿ ಎಲ್ಲಿ ಅಂದ್ರ ಯಾರರ ತೋರಸ್ತಾರ, ನೀವೂ ಕೇಳ್ಕೋತ ಬರ್ತೀರಿ ಅಂತ ಇಲ್ಲೇ ಕುಂತ್ನಿ’ ಎಂದರು. ಬೆಂಗಳೂರನ್ನು ಮೊದಲ ಸಲ ನೋಡುತ್ತಿದ್ದ ಆ ಮನುಷ್ಯ, ಹತ್ತು ಸಲ ನೋಡಿದ್ದ ನನಗಿಂತ ಚೆನ್ನಾಗಿ ಯೋಚಿಸಿದ್ದರು. ಅಂದಿನಿಂದ ನಮ್ಮ ಪ್ರತಿ ಪ್ರವಾಸದಲ್ಲೂ ಕೂಡುವ ಜಾಗ ಅದೇ ಗಾಂಧಿ. ಊರು ಬಿಡುವ ಮುಂಚೆ ಬಸ್ಸಿನಲ್ಲಿ ನಿಂತು ಮೂರು ಸಲ ಹೇಳುತ್ತೇನೆ. ಚೀಟಿಯಲ್ಲಿ ಬರೆದು ಜೇಬಿಗೂ ಇಡುತ್ತೇನೆ, ಚಾಲಕನ ನಂಬರಿನ ಜೊತೆ. ಎರಡನೇ ಪಾಠವೂ ಆ ರಾತ್ರಿಯದೇ: ವಯಸ್ಸಾದವರಿಗೆ, ಗಿಡ್ಡ ಇರುವವರಿಗೆ ಮೆಟ್ಟಿಲ ಪಕ್ಕದ ತುದಿಯ ಕುರ್ಚಿ. ಎಲ್ಲರೂ ಎದ್ದು ನಿಂತಾಗ ಅವರು ಪಕ್ಕಕ್ಕೆ ಬಾಗಿ ನೋಡಬಹುದು.

ರೊಕ್ಕದ ವಿಷಯಕ್ಕೆ ಬಂದರೆ, ನಮ್ಮ ಕಡೆ ಪ್ರವಾಸಕ್ಕೆ ಪಂದ್ಯದ ಪಟ್ಟಿಗಿಂತ ಹೊಲದ ಪಟ್ಟಿ ಮುಖ್ಯ. ನರಗುಂದ-ರೋಣದ ಎರಿ ಭೂಮಿಯಲ್ಲಿ ಕಡಲೆ ರಾಶಿ ಮುಗಿದು ಮಾಲು ಮಾರಿದ ಮೇಲೆ ಕೈಯಲ್ಲಿ ನಾಲ್ಕು ಕಾಸಿರುತ್ತದೆ, ಮೈಗೂ ಬಿಡುವಿರುತ್ತದೆ. ಮಾರ್ಚಿನ ಪಂದ್ಯಕ್ಕೆ ಬಸ್ಸು ತುಂಬುತ್ತದೆ. ಬಿತ್ತಿಗೆಯ ದಿನಗಳಲ್ಲಿ ಎಂಥ ಫೈನಲ್ ಇದ್ದರೂ ಹತ್ತು ಜನ ಸಿಗುವುದಿಲ್ಲ, ಸಿಗಲೂಬಾರದು. ಗಜೇಂದ್ರಗಡದ ನೇಕಾರರ ಲೆಕ್ಕ ಇನ್ನೂ ಬೇರೆ. ಅವರು ಎರಡು ದಿನ ಮಗ್ಗ ಬಿಟ್ಟರೆ ಎರಡು ದಿನದ ಕೂಲಿ ಹೋದಂತೆ. ಟಿಕೆಟ್ಟು, ಬಸ್ಸಿನ ಪಾಲು, ಅದರ ಮೇಲೆ ಈ ಕೂಲಿ. ಇದು ಹೊಳೆದ ಮೇಲೆ ಶನಿವಾರ ಹೊರಟು ಸೋಮವಾರ ಬೆಳಗ್ಗೆ ಮಗ್ಗಕ್ಕೆ ಕೂರುವಂಥ ಪಂದ್ಯಗಳನ್ನೇ ಆರಿಸತೊಡಗಿದೆ.

ಮೊದಲೆರಡು ಸಲ ‘ಬರ್ತೀನಿ ಅಣ್ಣಾ’ ಎಂದವರ ಹೆಸರೆಲ್ಲ ಬರೆದುಕೊಂಡೆ. ಬಸ್ಸಿನ ಬಾಡಿಗೆ ಕಿಲೋಮೀಟರಿಗೆ ಇಷ್ಟೆಂದು. ಒಳಗೆ ಐವತ್ತು ಜನ ಇದ್ದರೂ ಅಷ್ಟೇ, ಮೂವತ್ತು ಜನ ಇದ್ದರೂ ಅಷ್ಟೇ. ಹನ್ನೆರಡು ಜನ ಬರಲಿಲ್ಲ. ಅವರ ಪಾಲು ನನ್ನ ಅಂಗಡಿಯ ಗಲ್ಲಾದಿಂದ ಹೋಯಿತು. ಈಗ ಅರ್ಧ ರೊಕ್ಕ ಕೈಗೆ ಬಿದ್ದ ಮೇಲೆಯೇ ಹೆಸರು. ಬರಲಾಗದಿದ್ದರೆ ತನ್ನ ಬದಲಿಗೆ ಇನ್ನೊಬ್ಬರನ್ನು ಕಳಿಸಬೇಕು. ಗೆಳೆತನ ಉಳಿಯಬೇಕಾದರೆ ಈ ಬಿಗಿ ಬೇಕು.

ಚಾಲಕರು ಇಬ್ಬರಿರಬೇಕು. ಇದರಲ್ಲಿ ನನ್ನದು ಹಟವೇ. ಒಂದು ಸಲ ಬಾಡಿಗೆ ಕಡಿಮೆ ಎಂದು ಒಬ್ಬನೇ ಚಾಲಕನಿದ್ದ ಖಾಸಗಿ ಬಸ್ಸು ಒಪ್ಪಿಕೊಂಡೆವು. ನಾವು ಆಟ ನೋಡುವ ಹೊತ್ತಿನಲ್ಲಿ ಅವನು ಮಲಗಿರುತ್ತಾನೆ ಎಂದುಕೊಂಡಿದ್ದೆ. ಸೊಳ್ಳೆ, ಸೆಕೆ, ಗಾಡಿ ಸರಿಸು ಎನ್ನುವವರ ಕಾಟ. ಅವನು ಕಣ್ಣು ಮುಚ್ಚಿರಲೇ ಇಲ್ಲ. ಹಿರಿಯೂರು ದಾಟಿದ ಮೇಲೆ ಬಸ್ಸು ಒಮ್ಮೆ ಎಡಕ್ಕೆ ವಾಲಿ ಜಲ್ಲಿಯ ಸದ್ದು ಕೇಳಿತು. ನಿಲ್ಲಿಸೆಂದು ಕೂಗಿ, ಒಂದು ಪೆಟ್ರೋಲ್ ಬಂಕಿನ ಅಂಗಳದಲ್ಲಿ ಮೂರು ತಾಸು ಎಲ್ಲರೂ ಮಲಗಿದೆವು. ಬೈದವರು ಇದ್ದರು. ಬೈಯಲಿ.

ಬುತ್ತಿ ಬಸ್ಸಿನಲ್ಲೇ ಇರಬೇಕು. ಕ್ರೀಡಾಂಗಣದ ಗೇಟಿನಲ್ಲಿ ಚೀಲ, ನೀರಿನ ಬಾಟಲಿ, ಪವರ್ ಬ್ಯಾಂಕು, ಕಡೆಗೆ ಚಿಲ್ಲರೆ ನಾಣ್ಯವನ್ನೂ ಬಿಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಇವು ಎರಡು ದಿನವಾದರೂ ಕೆಡುವುದಿಲ್ಲ. ಪಂದ್ಯ ಮುಗಿದು ಹಸಿದು ಬಂದವರಿಗೆ ಬಸ್ಸಿನ ದೀಪದಲ್ಲಿ ರೊಟ್ಟಿ ಮುರಿದು ಕೊಡುವಾಗ ಆಗುವ ಮಾತು ಇದೆಯಲ್ಲ, ಅದಕ್ಕಾಗಿಯೇ ನಾನು ಮತ್ತೆ ಮತ್ತೆ ಹೋಗುವುದು. ನಮ್ಮ ಗದಗಿನ ಸುನೀಲ ಜೋಶಿ ಹುಡುಗನಿದ್ದಾಗ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಆಡಿ, ಮರಳಿ ಬಂದು ಶಾಲೆಗೆ ಕೂರುತ್ತಿದ್ದದ್ದು, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರಿನಲ್ಲಿ 6 ರನ್ನಿಗೆ 5 ವಿಕೆಟ್ ಕಿತ್ತದ್ದು, ಇವನ್ನೆಲ್ಲ ಈಗಿನ ಹುಡುಗರು ಕೇಳಿದ್ದು ಆ ಬಸ್ಸಿನಲ್ಲೇ.

ಒಂದು ಐಪಿಎಲ್ ಪಂದ್ಯಕ್ಕೆ ಮೂರು ಟಿಕೆಟ್ ಕಡಿಮೆ ಬಿದ್ದವು. ಗೇಟಿನ ಹತ್ತಿರ ಒಬ್ಬ ಮಾರುತ್ತಿದ್ದ, ಕೊಂಡೆವು. ಯಂತ್ರ ಒಪ್ಪಲಿಲ್ಲ, ಅವು ಖೊಟ್ಟಿ. ರೋಣದ ಮೂವರು ಹುಡುಗರ ಮುಖ ಸಪ್ಪಗಾಯಿತು. ನನ್ನ ಟಿಕೆಟ್ ಅವರಲ್ಲಿ ಸಣ್ಣವನಿಗೆ ಕೊಟ್ಟು ಉಳಿದಿಬ್ಬರ ಜೊತೆ ಹೊರಗೆ ಪಾದಚಾರಿ ದಾರಿಯಲ್ಲಿ ಕೂತೆ. ಮೊಬೈಲಿನಲ್ಲಿ ಪಂದ್ಯ ಹಾಕಿದೆವು. ಒಳಗಿನಿಂದ ಕೂಗು ಮೊದಲು ಬರುತ್ತಿತ್ತು, ಸಿಕ್ಸರ್ ಮೊಬೈಲಿನಲ್ಲಿ ಕಾಣುವುದು ಆಮೇಲೆ. ಕೂಗಿನ ಬಗೆಯಿಂದಲೇ ಹುಡುಗರು ಇದು ಬೌಂಡರಿ, ಇದು ವಿಕೆಟ್ ಎಂದು ಹೇಳತೊಡಗಿದರು. ಮುಂದೆಂದೂ ಗೇಟಿನ ಬಳಿ ಟಿಕೆಟ್ ಕೊಂಡಿಲ್ಲ. ಟಿಕೆಟ್ ಎಷ್ಟೋ ಅಷ್ಟೇ ತಲೆ.

ದಾರಿಯೂ ಕ್ರಮೇಣ ಸುಲಭವಾಯಿತು. 2016ರ ಆ ದಿನ ಮೆಟ್ರೊದ ಹಸಿರು, ನೇರಳೆ ಮಾರ್ಗಗಳು ಇನ್ನೂ ಕೂಡಿರಲಿಲ್ಲ. 2017ರ ಜೂನ್ ನಂತರ ನಾಗಸಂದ್ರದಲ್ಲಿ ಬಸ್ಸು ಬಿಟ್ಟು, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಕಬ್ಬನ್ ಪಾರ್ಕಿನಲ್ಲಿ ಇಳಿಯತೊಡಗಿದೆವು. 2024ರ ನವೆಂಬರಿನಿಂದ ಹಸಿರು ಮಾರ್ಗ ಮಾದಾವರದವರೆಗೂ ಬಂದಿದೆ. ಪಂದ್ಯದ ದಿನ ಕೊನೆಯ ಗಾಡಿಯ ಹೊತ್ತು ಕೇಳಿಕೊಂಡು, ವಾಪಸ್ ಟಿಕೆಟ್ಟನ್ನು ಹೋಗುವಾಗಲೇ ತೆಗೆದಿಟ್ಟುಕೊಂಡರೆ ರಾತ್ರಿಯ ಅರ್ಧ ಚಿಂತೆ ಕಳೆದಂತೆ.

ನಾನು ಕಂಡ ಅತಿ ಚಂದದ ಪ್ರವಾಸ 2024ರದು. ಮಹಿಳಾ ಪ್ರೀಮಿಯರ್ ಲೀಗಿನ ಮೊದಲ ಹಂತ ಬೆಂಗಳೂರಿನಲ್ಲಿ ನಡೆಯಿತು. ಕಾಕಾನ ಮೊಮ್ಮಗಳು ಬಂದು ‘ಮಾಮಾ, ನಮ್ಮನ್ಯಾಕ ಕರಕೊಂಡು ಹೋಗಂಗಿಲ್ರಿ?’ ಎಂದು ಕೇಳಿದಳು. ಉತ್ತರ ಇರಲಿಲ್ಲ. ತಾಯಂದಿರು, ಹೆಣ್ಣುಮಕ್ಕಳು ಸೇರಿ ಅರ್ಧ ಬಸ್ಸು ಅವರದೇ. ಆಗ ನನಗೆ ತಿಳಿದದ್ದು, ಅಷ್ಟು ವರ್ಷ ನಾವು ದಾರಿಯಲ್ಲಿ ಎಲ್ಲಿ ನಿಲ್ಲಿಸುತ್ತಿದ್ದೆವು ಎಂಬುದನ್ನು ಯಾರೂ ಯೋಚಿಸಿಯೇ ಇರಲಿಲ್ಲ ಎಂದು. ಆ ಸಲ ಎರಡು ತಾಸಿಗೊಮ್ಮೆ, ಬೆಳಕಿರುವ, ಸ್ವಚ್ಛ ಶೌಚಾಲಯ ಇರುವ ಬಂಕುಗಳನ್ನು ಮೊದಲೇ ಗುರುತಿಸಿಕೊಂಡು ಹೋದೆವು. ನಿಜ ಹೇಳಬೇಕೆಂದರೆ ಅದರ ಸುಖ ಹೆಚ್ಚು ಕಂಡವರು ಸಕ್ಕರೆ ಕಾಯಿಲೆಯ ಹಿರಿಯ ಗಂಡಸರು. ಅಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ. ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ್ ಚೆಂಡು ಹಿಡಿದಾಗ ಆ ಹುಡುಗಿಯರು ಕೂಗಿದ ಕೂಗು ಧೋನಿಗೂ ನಾವು ಕೂಗಿರಲಿಕ್ಕಿಲ್ಲ. ಮಾರ್ಚ್ 17ರಂದು ದೆಹಲಿಯಲ್ಲಿ ಅವಳ ಆರ್‌ಸಿಬಿ ತಂಡ ಕಪ್ ಗೆದ್ದಾಗ ಗಜೇಂದ್ರಗಡದ ಓಣಿಯಲ್ಲಿ ಅವರೇ ಪಟಾಕಿ ಹಚ್ಚಿದರು.

ಇನ್ನೊಂದು ಹೇಳಬೇಕು, ಹೇಳಲು ಕಷ್ಟವಾದರೂ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನಿನಿಂದ ಸೋಲಿಸಿ ಆರ್‌ಸಿಬಿ ಗಂಡಸರ ತಂಡ ಹದಿನೆಂಟನೇ ವರ್ಷಕ್ಕೆ ಕಪ್ ಎತ್ತಿತು. ಮರುದಿನ ನಸುಕಿನಿಂದಲೇ ಫೋನು. ‘ಅಣ್ಣಾ, ಬೆಂಗಳೂರಿಗೆ ಬಸ್ ಮಾಡ್ರಿ, ಕಪ್ ತರಾಕತ್ತಾರ.’ ನನಗೂ ಆಸೆ ತಡೆಯಲಿಲ್ಲ. ಇಬ್ಬರು ಬಸ್ಸಿನವರನ್ನು ಕೇಳಿದೆ. ಎರಡೂ ಬಸ್ಸು ಲಗ್ನಕ್ಕೆ ಹೋಗಿದ್ದವು. ಸಿಕ್ಕಿದ್ದರೆ ಹೊರಟೇಬಿಡುತ್ತಿದ್ದೆವು. ಸಂಜೆ ಚಿನ್ನಸ್ವಾಮಿಯ ಗೇಟುಗಳ ಮುಂದೆ ಕಾಲ್ತುಳಿತದಲ್ಲಿ 11 ಜನ ಸತ್ತರು, ಹೆಚ್ಚಿನವರು ಎಳೆಯರು. ಟಿವಿಯಲ್ಲಿ ಕಂಡ ಆ ಗೇಟುಗಳು ನನಗೆ ಗುರುತಿನವು. ನಮ್ಮ ಹುಡುಗರನ್ನು ಅಲ್ಲಿಯೇ ಸಾಲಾಗಿ ನಿಲ್ಲಿಸಿ ಎಣಿಸಿದ್ದೆ. ಆ ರಾತ್ರಿ ಊಟ ಸೇರಲಿಲ್ಲ. ಮುಂದೆ ಮಹಿಳಾ ವಿಶ್ವಕಪ್‌ನ ಪಂದ್ಯಗಳೂ ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು. ಮೊಮ್ಮಗಳು ಹೆಸರು ಬರೆಸಿ ಕೊಟ್ಟಿದ್ದ ಅರ್ಧ ರೊಕ್ಕವನ್ನು ಮರಳಿಸಿದೆ.

ಕುರ್ಚಿಯ ನಂಬರು, ಗೇಟಿನ ನಂಬರು ಬರೆದ ಟಿಕೆಟ್ ಇಲ್ಲದ ಯಾವ ಸಂಭ್ರಮಕ್ಕೂ ನಾನು ಇನ್ನು ಬಸ್ಸು ಮಾಡುವುದಿಲ್ಲ. ಮೆರವಣಿಗೆ ಇರಲಿ, ಸನ್ಮಾನ ಇರಲಿ. ಹುಡುಗರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ನನ್ನ ಪ್ರವಾಸದ ವಹಿಯಲ್ಲಿ ಮೊದಲು ಎರಡು ಕಲಮುಗಳಿದ್ದವು: ಹತ್ತಿದರು, ಇಳಿದರು. ಈಗ ಮೂರನೆಯದೊಂದನ್ನು ಗೀಟಿದ್ದೇನೆ: ಮನಿ ಮುಟ್ಟಿದರು. ಬಸ್ಸು ಊರಿಗೆ ಬಂದ ಮೇಲೆ ಹಳ್ಳಿಯ ಹುಡುಗರು ನಿದ್ದೆಗಣ್ಣಲ್ಲಿ ಬೈಕು ಹತ್ತುತ್ತಾರೆ. ಅಷ್ಟು ದೂರ ಜೋಪಾನವಾಗಿ ತಂದದ್ದು ಕೊನೆಯ ಹತ್ತು ಕಿಲೋಮೀಟರಿನಲ್ಲಿ ಕೈಬಿಡಬಾರದು. ಬಸ್ ನಿಲ್ದಾಣದಲ್ಲಿ ಮುಖ ತೊಳೆದು, ಚಹಾ ಕುಡಿದು, ಬೆಳಕು ಹರಿದ ಮೇಲೆ ಹೋಗಬೇಕು. ಮುಟ್ಟಿ ಫೋನು ಮಾಡಬೇಕು. ಹಿಂದಿರುಗುವ ದಾರಿಯಲ್ಲಿ ಮೊದಲು ಬರುವುದು ಗಜೇಂದ್ರಗಡ. ಗುಡ್ಡದ ಮೇಲೆ ಗಾಳಿಯಂತ್ರಗಳು ಕಂಡವೆಂದರೆ ನಾನು ವಹಿ ತೆಗೆಯುತ್ತೇನೆ. ಕಾಕಾನ ಹೆಸರಿಗೆ ಮಾತ್ರ ಫೋನಿಗೆ ಕಾಯುವುದಿಲ್ಲ. ಬಸ್ಸನ್ನು ಹತ್ತು ನಿಮಿಷ ನಿಲ್ಲಿಸಿ, ಅವರ ಬುತ್ತಿಚೀಲ ಹಿಡಿದು ಮನೆಯವರೆಗೂ ನಡೆಯುತ್ತೇನೆ. ಒಳಗಿನಿಂದ ಚಿಲಕ ಬಿದ್ದ ಸಪ್ಪಳ ಕೇಳಿದ ಮೇಲೆ, ಕಟ್ಟೆಯ ಮೇಲೆ ವಹಿ ಇಟ್ಟುಕೊಂಡು ಗುರುತು ಹಾಕುತ್ತೇನೆ.